ಬಾಗಿಲು ಮುಚ್ಚಿದ ಹೋಟೆಲು

ಊರಿನ ಚರಿತ್ರೆ ಬರೆಯುವವರು ಕೋಟೆಗಳನ್ನೂ ಕೆರೆಗಳನ್ನೂ ಗುಡಿಗಳನ್ನೂ ನೆನೆಯುತ್ತಾರೆ. ಹೋಟೆಲುಗಳನ್ನು ನೆನೆಯುವುದು ಕಡಿಮೆ. ಆದರೆ ಬೆಂಗಳೂರಿನವರ ಬಾಳಿನಲ್ಲಿ ಬೆಳಗಿನ ತಿಂಡಿಯ ಹೋಟೆಲಿಗಿರುವ ಸ್ಥಾನ ಸಣ್ಣದಲ್ಲ.

ನಮ್ಮ ಜಯನಗರದಲ್ಲಿ 1983ರಲ್ಲಿ ಮೊದಲ ದರ್ಶಿನಿ ಆರಂಭವಾಯಿತು. ಮೊದಲೇ ಹಣ ತೆತ್ತು, ಚೀಟಿ ಪಡೆದು, ತಟ್ಟೆಯನ್ನು ತಾವೇ ತಂದು, ನಿಂತೇ ತಿಂದು ಹೊರಡುವ ಈ ಏರ್ಪಾಡು ಕ್ರಮೇಣ ಊರಿಗೆಲ್ಲ ಹಬ್ಬಿತು. ಕುರ್ಚಿಗಳೂ ಮಾಣಿಗಳೂ ಬೇಡವಾದ್ದರಿಂದ, ಕಿರಿದಾದ ಜಾಗದಲ್ಲಿಯೇ ಬಹು ಜನರಿಗೆ ಅಗ್ಗವಾಗಿ ತಿಂಡಿ ದೊರೆಯಿತು. ಅದು ದೊಡ್ಡ ಉಪಕಾರವೇ ಸರಿ. ಆದರೂ ಕುಳಿತು ತಿನ್ನುವ ಸುಖವೇ ಬೇರೆ.

ಆ ಸುಖವನ್ನರಸಿ ನಾನೂ ನೆರೆಮನೆಯ ಹಿರಿಯರೊಬ್ಬರೂ ಆಗಾಗ ಮಲ್ಲೇಶ್ವರದ ನ್ಯೂ ಕೃಷ್ಣ ಭವನಕ್ಕೆ ಹೋಗುತ್ತಿದ್ದೆವು. 2017ರಲ್ಲಿ ಮೆಟ್ರೊ ರೈಲಿನ ಹಸಿರು ಮಾರ್ಗ ನಮ್ಮ ಕಡೆಗೂ ಬಂದ ಮೇಲೆ ದಾರಿ ಹಗುರವಾಗಿತ್ತು. ಸಂಪಿಗೆ ರಸ್ತೆಯ ಆ ಹೋಟೆಲು 1954ರಲ್ಲಿ ಆರಂಭವಾದದ್ದು. ಅಲ್ಲಿನ ಮಂಡ್ಯ ರಾಗಿ ದೋಸೆ, ಸಾಂಬಾರಿನಲ್ಲಿ ಮುಳುಗಿದ ಪುಟ್ಟ ಬಟನ್ ಇಡ್ಲಿಗಳು, ಹಸಿರು ಮಸಾಲೆಯ ಇಡ್ಲಿ ಇವು ಹೆಸರುವಾಸಿಯಾಗಿದ್ದವು. ಹಳ್ಳಿಯ ರಾಗಿಗೆ ನಗರದ ತಟ್ಟೆಯಲ್ಲಿ ಅಲ್ಲಿ ಮರ್ಯಾದೆಯ ಸ್ಥಾನವಿತ್ತು.

ಆ ಹಿರಿಯರ ಪತ್ನಿ ತೀರಿಕೊಂಡಿದ್ದರು. ಮಕ್ಕಳು ದೂರದ ಊರುಗಳಲ್ಲಿದ್ದರು. ಹೋಟೆಲಿನಲ್ಲಿ ಜನ ಹೆಚ್ಚಾದಾಗ ಗುರುತಿಲ್ಲದವರು ಬಂದು ನಮ್ಮ ಎದುರಿಗೆ ಕೂರುತ್ತಿದ್ದರು. “ಚಟ್ನಿ ಇತ್ತ ಸರಿಸುತ್ತೀರಾ, ಯಜಮಾನರೇ?” ಎಂಬಲ್ಲಿಂದ ಮಾತು ಹೊರಟು, ಮಳೆ ಬೆಳೆಗಳವರೆಗೂ ಸಾಗುತ್ತಿತ್ತು. ಪಂಕ್ತಿಭೇದ ಬಲವಾಗಿದ್ದ ನಾಡಿನಲ್ಲಿ ಪಕ್ಕದವನ ಕುಲ ಕೇಳದೆ ಕುಳಿತು ತಿನ್ನುವುದನ್ನು ರೂಢಿಗೆ ತಂದದ್ದರಲ್ಲಿ ಇಂಥ ಮೇಜುಗಳ ಪಾಲೂ ಉಂಟು.

2023ರ ಡಿಸೆಂಬರಿನಲ್ಲಿ ಆ ಹೋಟೆಲು ಬಾಗಿಲು ಮುಚ್ಚಿತು. ಸುಮಾರು 70 ವರ್ಷಗಳ ಒಲೆ ಆರಿತು. ಪೇಟೆಯ ಬೀದಿಗಳಲ್ಲಿ ನೆಲದ ಬೆಲೆ ಏರಿದಂತೆಲ್ಲ, ಒಂದು ಕಾಫಿಗೆ ಅರ್ಧ ಗಂಟೆ ಕುಳಿತಿರುವವರಿಗೆ ಜಾಗ ಕೊಡುವುದು ಯಾವ ಹೋಟೆಲಿಗೂ ಸುಲಭವಲ್ಲ. ಯಾರನ್ನು ದೂರಿ ಫಲವೇನು?

“ರಾಗಿ ದೋಸೆಯನ್ನು ನಮ್ಮ ಮನೆಯಲ್ಲಿಯೇ ಹುಯ್ಯೋಣ, ಬನ್ನಿ” ಎಂದೆ. ಹಿರಿಯರು ನಕ್ಕರು. “ಬರುತ್ತೇನಪ್ಪಾ. ದೋಸೆ ಎಲ್ಲಿಯಾದರೂ ಸಿಕ್ಕೀತು. ಎದುರಿಗೆ ಬಂದು ಕೂರುವ ಆ ಜನರನ್ನು ಎಲ್ಲಿಂದ ತರೋಣ?” ಎಂದರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಊರು ಬೆಳೆಯಬೇಕಾದದ್ದೇ. ಆದರೆ ಗುರುತಿಲ್ಲದವರು ಎದುರುಬದುರಾಗಿ ಕುಳಿತು, ಅವಸರವಿಲ್ಲದೆ ತಿನ್ನಬಲ್ಲ ನಾಲ್ಕಾರು ಮೇಜುಗಳನ್ನಾದರೂ ಉಳಿಸಿಕೊಂಡು ಬೆಳೆಯಲಿ.