ಒತ್ತಿನ ಗೆರೆ

ಇವತ್ತು ಬೆಳಿಗ್ಗೆ ಹಾಲು ತರಲು ಹೊರಟಾಗ ರಾಣೇಬೆನ್ನೂರಿನ ಒಂದು ಸರ್ಕಲ್ಲಿನಲ್ಲಿ ಹೊಸ ಫ್ಲೆಕ್ಸ್ ಕಣ್ಣಿಗೆ ಬಿತ್ತು. ಯಾರದೋ ಹುಟ್ಟುಹಬ್ಬ. ಅಲ್ಲಿ ಇದ್ದದ್ದು ಮಾತ್ರ ‘ಹುಟ್‌ಟುಹಬ್‌ಬ’. ಅಕ್ಷರದ ಕೆಳಗೆ ಇರಬೇಕಾದ ಒತ್ತು ಪಕ್ಕಕ್ಕೆ ಬಂದು ನಿಂತಿತ್ತು. ಆಗ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

ಇದು ಕನ್ನಡ ಬಾರದವರ ಕೆಲಸವಲ್ಲ. ಫೋಟೊಶಾಪಿನ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೂ ಹೊಂದುವ ಒಂದು ಆಯ್ಕೆ ಇದೆ. ಅದನ್ನು ಆರಿಸದಿದ್ದರೆ ಯೂನಿಕೋಡ್ ಕನ್ನಡ ಹೀಗೆ ಬಿಡಿಬಿಡಿಯಾಗಿ ನಿಲ್ಲಬಹುದು. ಅಂಗಡಿಯ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ನನ್ನ ಸಿಟ್ಟು ಅವನ ಮೇಲಲ್ಲ.

ಮನೆಗೆ ಬಂದರೆ ಪಕ್ಕದ ಮನೆಯವರು ಕಾಯುತ್ತಿದ್ದರು. ಮಗಳು ಪಿಯುಸಿ ಮುಗಿಸಿದ್ದಾಳೆ, ಗ್ರಾಫಿಕ್ ಡಿಸೈನ್ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. “ಅದಕ್ಕ ನಾಕ್ ವರ್ಸ ಯಾಕ ಬೇಕ್ರಿ ಸರ? ಫ್ಲೆಕ್ಸ್ ಅಂಗಡ್ಯಾಗ ಆರ್ ತಿಂಗಳದಾಗ ಕಲೀತಾರಲ್ರಿ.” ತಂದೆಯಾದವರು ಕೇಳಬೇಕಾದ ಮಾತೇ. ಫೀಸು, ಹಾಸ್ಟೆಲ್ಲು, ನೌಕರಿ, ಇವನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಓದುವ ಜಾಗಕ್ಕೂ ಬರವಿಲ್ಲ. ಹರಿಹರ ದಾಟಿದರೆ ದಾವಣಗೆರೆ. ಅಲ್ಲಿನ ದೃಶ್ಯಕಲಾ ಮಹಾವಿದ್ಯಾಲಯ 1964ರದ್ದು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲೇ ಚಿತ್ರಕಲೆಯ ಶಾಲೆ ತೆರೆದಿದ್ದರು. ದೂರ ಹೋಗುವುದಾದರೆ ಮೈಸೂರಿನ ದೃಶ್ಯಕಲಾ ಅಕಾಡೆಮಿ ‘ಕಾವಾ’. ಬಿವಿಎ ಎಂಬ ದೃಶ್ಯಕಲೆಯ ಪದವಿ ನಾಲ್ಕು ವರ್ಷದ್ದು. ಮೊದಲು ಎಲ್ಲರಿಗೂ ರೇಖೆ, ಬಣ್ಣ, ಆಕಾರ. ಆಮೇಲೆ ಅನ್ವಯಿಕ ಕಲೆ ಆರಿಸಿಕೊಂಡವರಿಗೆ ಅಕ್ಷರ, ಪೋಸ್ಟರು, ಪೊಟ್ಟಣ, ಲಾಂಛನ. ಸಾಫ್ಟ್‌ವೇರ್ ಆರು ತಿಂಗಳಲ್ಲಿ ಬಂದೀತು, ಒಪ್ಪುತ್ತೇನೆ. ಕಣ್ಣು ಪಳಗಲು ನಾಲ್ಕು ವರ್ಷವೂ ಕಡಿಮೆಯೇ.

ಪಠ್ಯಕ್ರಮ ನನ್ನ ಕೈಗೆ ಬಂದರೆ ಮೊದಲ ವರ್ಷವಿಡೀ ಒತ್ತಕ್ಷರವನ್ನೇ ಇಡುತ್ತೇನೆ. ನಮ್ಮ ಮೂರು ಊರುಗಳ ಹೆಸರನ್ನೇ ನೋಡಿ. ಹಾವೇರಿಗೆ ಒತ್ತೇ ಇಲ್ಲ. ಒಂದೇ ಗೆರೆಯ ಮೇಲೆ ಸಲೀಸಾಗಿ ನಿಲ್ಲುತ್ತದೆ. ರಾಣೇಬೆನ್ನೂರಿನಲ್ಲಿ ನಕಾರದ ಒತ್ತು ಕೆಳಗಿಳಿಯುತ್ತದೆ, ಅದರ ಮಗ್ಗುಲಲ್ಲೇ ಊಕಾರ ಬಲಕ್ಕೆ ಚಾಚಿಕೊಳ್ಳುತ್ತದೆ. ಬ್ಯಾಡಗಿಯ ಯ-ಒತ್ತು ಬಲಬದಿಗೆ ಸರಿದು ಬಾಗುತ್ತದೆ. ಈ ಮೂರನ್ನೂ ಒಂದರ ಕೆಳಗೊಂದರಂತೆ ಬಸ್ಸಿನ ಬೋರ್ಡಿನ ಮೇಲೆ ಬರೆಯಬೇಕು. ಬಸ್ಸು ನಿಲ್ಲುವ ಮೊದಲೇ ಅಜ್ಜಿಯೊಬ್ಬಳು ಓದಿಕೊಂಡು ಬಾಗಿಲ ಕಡೆ ಹೆಜ್ಜೆ ಹಾಕುವಂತಿರಬೇಕು. ಇಷ್ಟು ಮಾಡಿದವರನ್ನು ಎರಡನೇ ವರ್ಷಕ್ಕೆ ಕಳಿಸಬಹುದು.

ಅಡೋಬಿಯ ತಂತ್ರಾಂಶಗಳು ಸಾಲಿನ ಅಂತರವನ್ನು ತಾವಾಗಿಯೇ ಅಕ್ಷರದ ಗಾತ್ರದ ಶೇ. 120ಕ್ಕೆ ಇಟ್ಟಿರುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಹೋಗಿ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನಾದರೆ 150ಕ್ಕಿಂತ ಇಳಿಸುವುದಿಲ್ಲ. ಆರ್.ಕೆ. ಜೋಶಿಯವರು ವಿಂಡೋಸಿಗೆ ರೂಪಿಸಿದ ಕನ್ನಡ ಫಾಂಟು ‘ತುಂಗಾ’ ಸಾಲಿನ ನಡುವೆ ಧಾರಾಳವಾಗಿ ಜಾಗ ಬಿಡುತ್ತದೆ. ಕಾಗದ ಹಾಳು ಎಂದು ಗೊಣಗುವವರಿಗೆ ಆ ಜಾಗದ ಬೆಲೆ ಗೊತ್ತಿಲ್ಲ.

ನನಗೆ ಅದನ್ನು ತೋರಿಸಿದವರು ಗೋಡೆ ಬರೆಯುವ ಪೇಂಟರ್ ಒಬ್ಬರು. ಹೊಲದ ದಾರಿಯ ಗೋಡೆಯೊಂದರ ಮೇಲೆ ಬೀಜದ ಜಾಹೀರಾತು ಬರೆಯುತ್ತಿದ್ದರು. ಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಹಿಡಿದು ಟಪ್ಪೆಂದು ಬಿಟ್ಟರು. ಅಕ್ಷರದ ತಲೆಗೊಂದು ಗೆರೆ, ಬುಡಕ್ಕೊಂದು ಗೆರೆ. ಆಮೇಲೆ ನಾಲ್ಕು ಬೆರಳು ಕೆಳಗೆ ಮೂರನೆಯದು. “ಅದ್ಯಾಕ್ರಿ ಅಣ್ಣಾರ?” ಅಂದೆ. “ಒತ್ತಿಗೆ, ತಮ್ಮಾ. ಅದಕ್ಕ ಜಾಗ ಇಟ್ಟ ಮ್ಯಾಲೇ ಉಳಿದದ್ದು.” ಆ ಗೋಡೆಯ ಮೇಲೆ ಒಂದು ಮೆಣಸಿನಕಾಯಿಯೂ ಬರಬೇಕಿತ್ತು. ಡಬ್ಬಿಯ ಕೆಂಪನ್ನು ಒಂದೆಳೆ ಎಳೆದು ನೋಡಿ, ತಲೆ ಅಲ್ಲಾಡಿಸಿ, ಕಪ್ಪು ಬಣ್ಣದಲ್ಲಿ ಕುಂಚದ ತುದಿ ಅದ್ದಿ ತಂದು ಕಲಸಿದರು. ಆಗ ಬಂತು ನೋಡಿ, ಬ್ಯಾಡಗಿ ಕಾಯಿಯ ಕೆಂಪು!

ಮಸಾಲೆ ಪೊಟ್ಟಣಗಳ ಮೇಲೆ ಆ ಕೆಂಪನ್ನು ನಾನು ಕಂಡದ್ದು ಕಡಿಮೆ. ಅಚ್ಚಿನ ಮನೆಯ ರೂಢಿಯ ಕೆಂಪೆಂದರೆ ನೂರು ಮೆಜೆಂಟಾ, ನೂರು ಹಳದಿ. ಬ್ಯಾಡಗಿಯ ‘ಡಬ್ಬಿ’ ತಳಿಯ ಕಾಯಿಗೆ ಅದು ತೀರಾ ಹಸಿ ಬಣ್ಣ. ಸುಕ್ಕಿನೊಳಗೆ ಕಪ್ಪಾಗಿ ಇಳಿಯುವ ನೆರಳು ಅದರಲ್ಲಿ ಸಿಗುವುದಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು ಎಂದೇ ಹೆಸರಾದ ಕಾಯಿ ಇದು. 2011ರಲ್ಲಿ ಜಿಐ ಮಾನ್ಯತೆ ಬಂತು. ಇದರಿಂದ ತೆಗೆದ ಓಲಿಯೊರೆಸಿನ್ ಎಂಬ ಸಾರ ತುಟಿಯ ಬಣ್ಣಕ್ಕೂ ಹೋಗುತ್ತದೆ. ಪ್ರಯೋಗಾಲಯದವರು ಬಣ್ಣವನ್ನು ಆಸ್ಟಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಮಾರುಕಟ್ಟೆಯಲ್ಲಿ ಖರೀದಿದಾರರು ಒಂದು ಹಿಡಿ ಕಾಯಿಯನ್ನು ಬೆಳಕಿಗೆ ಹಿಡಿದು ದರ ಕಟ್ಟುತ್ತಾರೆ. ಬಣ್ಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ನನಗೆ ಗೊತ್ತಿಲ್ಲ.

ಅಲ್ಲಿ ಇನ್ನೊಂದು ತೊಡಕಿದೆ. ಬಣ್ಣ ಮಾಸಬಾರದೆಂದೇ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರೂ, ವರ್ಷ ಕಳೆದ ಕಾಯಿಯ ಕೆಂಪು ಬೇರೆ, ಹೊಲದಿಂದ ಈಗ ಬಂದ ಕಾಯಿಯ ಕೆಂಪು ಬೇರೆ. ಗಿರಾಕಿಯ ಮನೆ ಸೇರುವುದು ಎರಡೂ. ಹಾಗಾದರೆ ಪೊಟ್ಟಣದ ಮೇಲೆ ಯಾವ ಕೆಂಪು ಅಚ್ಚಾಗಬೇಕು? ಬ್ಯಾಡಗಿ ಪೇಟೆ ಸೋಮವಾರ, ಗುರುವಾರ. ಬರುವ ಸೋಮವಾರ ಪಕ್ಕದ ಮನೆಯ ಅಪ್ಪ-ಮಗಳಿಬ್ಬರನ್ನೂ ಅಲ್ಲಿಗೆ ಕರೆದೊಯ್ದು, ಎರಡು ರಾಶಿಗಳ ನಡುವೆ ನಿಲ್ಲಿಸಿ, ಮೊದಲು ಅಪ್ಪನಿಗೇ ಈ ಪ್ರಶ್ನೆ ಕೇಳಬೇಕೆಂದಿದ್ದೇನೆ.