ಬಚ್ಚಲಿಲ್ಲದ ಬಚ್ಚಲುಮನೆ

ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ದಾಟಿ, ಟಾರು ಮುಗಿದು ಮಣ್ಣು ಶುರುವಾಗುವ ಕಡೆ ನನ್ನದೊಂದು ಮೂವತ್ತು ಗುಂಟೆ ಜಮೀನಿದೆ. ಬ್ಯಾಂಕಿನಿಂದ ನಿವೃತ್ತನಾದ ವರ್ಷ ಕೊಂಡದ್ದು. ಅದರಲ್ಲಿ ಚಪ್ಪಡಿ ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಸೂರು ಇರುವ ಒಂದೇ ಒಂದು ಕೋಣೆ. ಮನೆ ಎಂದರೆ ಹೆಂಡತಿ ನಗುತ್ತಾಳೆ, ಗುಡಿಸಲು ಎಂದರೆ ಪಕ್ಕದ ಹೊಲದ ಗೌಡರು ಒಪ್ಪುವುದಿಲ್ಲ. ಹಾಗಾಗಿ ಎಲ್ಲರೂ ಶೆಡ್ಡು ಎನ್ನುತ್ತೇವೆ. ಕರೆಂಟು ಕಂಬ ಅರ್ಧ ಮೈಲಿ ಆಚೆಯೇ ನಿಂತುಬಿಟ್ಟಿದೆ. ಕೊಳವೆಬಾವಿ ಇಲ್ಲ. ನೀರು ಗೌಡರ ಬಾವಿಯಿಂದ, ಬಿಂದಿಗೆಯ ಲೆಕ್ಕದಲ್ಲಿ.

ಶನಿವಾರ ಹೋಗಿ ಭಾನುವಾರ ಬರುವ ಆ ಶೆಡ್ಡಿನಲ್ಲಿ ಊಟಕ್ಕೆ, ನಿದ್ದೆಗೆ, ಸೊಳ್ಳೆಗೆ ಒಂದೊಂದು ದಾರಿ ಮಾಡಿಕೊಂಡಿದ್ದೆ. ಸ್ನಾನಕ್ಕೆ ಮಾತ್ರ ಚಾಮರಾಜಪೇಟೆಯ ಮನೆಗೇ ಬರಬೇಕಿತ್ತು. ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡು ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಮೆಲ್ಲಗೆ ಆಚೆ ಸರಿಯುವರು. ಒಂದು ಭಾನುವಾರ ನಿಂತವರೂ ಸರಿದರು. ಅವತ್ತೇ ತೀರ್ಮಾನ ಮಾಡಿದೆ, ಶೆಡ್ಡಿಗೆ ಒಂದು ಶವರ್ ಹಾಕಿಸಿಯೇ ಸೈ ಎಂದು.

ಕೆಲಸ ಸಲೀಸೆಂದುಕೊಂಡೆ. ಬೇಲಿಗೆ ನೆಡುವ ಕಲ್ಲುಕಂಬ ನಾಲ್ಕು, ಅವುಗಳ ಮೇಲೊಂದು ಚಪ್ಪಡಿ, ಚಪ್ಪಡಿಯ ಮೇಲೆ ಇನ್ನೂರು ಲೀಟರಿನ ಡ್ರಮ್ಮು. ನೆಲದಿಂದ ಏಳಡಿ ಎತ್ತರ. ಇನ್ನೂರು ಲೀಟರೆಂದರೆ ಎರಡು ಕ್ವಿಂಟಲ್. ತಲೆಯ ಮೇಲೆ ಎರಡು ಮೂಟೆ ರಾಗಿ ಇಟ್ಟುಕೊಂಡು ಕಣ್ಣುಮುಚ್ಚಿ ಸೋಪು ಹಚ್ಚಿಕೊಳ್ಳುವ ಧೈರ್ಯ ಬರಲಿ ಎಂದು ಕಂಬಗಳ ಬುಡಕ್ಕೆ ಜಲ್ಲಿ, ಸಿಮೆಂಟು ಸುರಿಸಿದೆ. ಆಮೇಲೆ ಸಿಟಿ ಮಾರ್ಕೆಟ್ಟಿನ ಹತ್ತಿರದ ಅಂಗಡಿಯಿಂದ ಊಟದ ತಟ್ಟೆಯಷ್ಟು ಅಗಲದ, ಮುಖ ಕಾಣುವಷ್ಟು ಹೊಳಪಿನ ಶವರ್ ಮೂತಿ ತಂದು ಸಿಕ್ಕಿಸಿ, ಏಣಿ ಹತ್ತಿ ಹದಿನಾಲ್ಕು ಬಿಂದಿಗೆ ನೀರು ಸುರಿದು, ಟವೆಲ್ಲು ಸುತ್ತಿಕೊಂಡು ಕೆಳಗೆ ನಿಂತು ನಲ್ಲಿ ತಿರುಗಿಸಿದೆ.

ತೊಟ್ಟಿಕ್ಕಿತು. ಶಿವನ ನೆತ್ತಿಯ ಮೇಲೆ ಧಾರಾಪಾತ್ರೆ ತೊಟ್ಟಿಕ್ಕುತ್ತದಲ್ಲ, ಹಾಗೆ. ಶಿವ ಅಭಿಷೇಕಪ್ರಿಯ, ಅವನಿಗೆ ತಾಳ್ಮೆ ಇದೆ. ನನಗೆ ಸಂಜೆ ಬಸ್ಸಿತ್ತು.

ತಪ್ಪು ಶವರಿನದಲ್ಲ, ನನ್ನ ಲೆಕ್ಕದ್ದು. ನೀರು ಹತ್ತು ಮೀಟರ್ ಎತ್ತರದಲ್ಲಿ ನಿಂತರೆ ಕೆಳಗೆ ಒಂದು ವಾಯುಭಾರದಷ್ಟು ಒತ್ತಡ. ನನ್ನ ಡ್ರಮ್ಮು ಇದ್ದದ್ದು ಎರಡು ಮೀಟರ್ ಎತ್ತರದಲ್ಲಿ, ಅದರಿಂದ ಶವರ್ ಮೂತಿಗೆ ಸಿಕ್ಕ ಇಳಿಜಾರು ಗೇಣುದ್ದ. ಸೂಜಿಮೊನೆಯಂಥ ತೂತುಗಳಲ್ಲಿ ನೀರನ್ನು ನೂಕಲು ಅದಕ್ಕೆ ಶಕ್ತಿ ಎಲ್ಲಿಂದ ಬರಬೇಕು? ಆ ಲೆಕ್ಕ ಅಕ್ಷರಶಃ ಕೈಗೆ ಚೊಂಬು ಕೊಟ್ಟಿತ್ತು. ಆ ವಾರ ಚೊಂಬಿನಲ್ಲೇ ಮುಗಿಸಿದೆ. ಮುಂದಿನ ವಾರ ಡ್ರಮ್ಮನ್ನು ಇನ್ನೂ ನಾಲ್ಕಡಿ ಏರಿಸಿ, ಒಂದಿಂಚಿನ ಕೊಳವೆಯನ್ನು ಎಲ್ಲೂ ಸಣ್ಣದಾಗಿಸದೆ ಕೆಳಗಿನವರೆಗೂ ತಂದು, ಗಿಡಕ್ಕೆ ನೀರು ಚಿಮುಕಿಸುವ ತಗಡಿನ ಡಬ್ಬಿಯ ಮೂತಿಯನ್ನು ಅದಕ್ಕೆ ಕಟ್ಟಿದೆ. ತೂತು ದೊಡ್ಡವು, ಒತ್ತಡ ಬೇಡ. ಮಳೆ ಬಂದಂತೆ ಬಂತು.

ಇನ್ನು ಬಿಸಿನೀರು. ನೂರು ಮೀಟರ್ ಕರಿಯ ಪೈಪನ್ನು ಹೆಂಚಿನ ಮೇಲೆ ಚಕ್ಕುಲಿಯಂತೆ ಸುತ್ತಿದೆ. ಒಂದಿಂಚಿನ ಪೈಪಿನ ಆ ಉದ್ದದಲ್ಲಿ ಐವತ್ತು ಲೀಟರ್ ನೀರು ಹಿಡಿಯುತ್ತದೆ. ಬಿಸಿಲಿಗೆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಕೈ ಸುಡುವಂತಾಗುತ್ತದೆ. ಬೆಳಗಾಗುವಷ್ಟರಲ್ಲಿ ಮಾತ್ರ ಮತ್ತೆ ಬಾವಿನೀರಿಗಿಂತ ತಣ್ಣಗೆ. ಮನೆಯಲ್ಲಿ ಹೆಮ್ಮೆಯಿಂದ ಇದನ್ನು ಹೇಳಿದೆ. ನಮ್ಮ ಸೋದರತ್ತೆಗೆ ಎಂಬತ್ತಾರು. ಬತ್ತಿ ಹೊಸೆಯುತ್ತಿದ್ದವರು ತಲೆಯೆತ್ತಿ, “ಮಧ್ಯಾಹ್ನ ಮೂರು ಗಂಟೆಗೆ ತಲೆಗೆ ನೀರು ಹಾಕ್ಕೊಳ್ಳೋಕೆ ಯಾರು ಹೋದ್ರೋ?” ಎಂದರು.

ಅತ್ತೆಯ ಮಾತಿಗೆ ಹೆದರಿ ಬೆಳಗಿನ ಸ್ನಾನಕ್ಕೆಂದು ಅಟ್ಟದ ಮೇಲಿದ್ದ ತಾಮ್ರದ ಹಂಡೆಯನ್ನು ಇಳಿಸಿದೆ. ಅದಕ್ಕೊಂದು ಒಲೆ ಬೇಕಾಯಿತು. ಮಲ್ಲೇಶ್ವರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಗಿ, ಅಲ್ಲಿಯ ವಿಜ್ಞಾನಿಗಳು ಹಳ್ಳಿಯ ಒಲೆಗಳ ಮುಂದೆ ಕೂತು ಅವುಗಳ ತಪ್ಪು ತಿದ್ದಿದರು. ಗಾಳಿ ಕೆಳಗಿನಿಂದ ಹೋಗಬೇಕು, ಬೆಂಕಿ ಪಾತ್ರೆಯನ್ನು ಸುತ್ತಬೇಕು, ಹೊಗೆ ಕೊಳವೆಯಲ್ಲಿ ಹೊರಡಬೇಕು. ಅಷ್ಟನ್ನು ನೆನಪಿಟ್ಟುಕೊಂಡು ಇಟ್ಟಿಗೆಯಲ್ಲೊಂದು ಒಲೆ ಕಟ್ಟಿದೆ. ತೆಂಗಿನ ಸಿಪ್ಪೆ, ಕರಟ, ನಾಲ್ಕು ಸೋಗೆ, ಹಂಡೆ ಮರಳಿತು.

ಹೀಗೆ ನೀರು ಬಂತು, ಒತ್ತಡ ಬಂತು, ಬಿಸಿ ಬಂತು. ಮೊದಲ ಭಾನುವಾರ ಹಾಡು ಹೇಳಿಕೊಂಡು ಮಿಂದೆ. ಹೆಂಡತಿಯೂ ಮಿಂದಳು. ಡ್ರಮ್ಮು ಖಾಲಿಯಾಯಿತು. ಗೌಡರು ಬೇಲಿಯ ಆಚೆ ನಿಂತು ಎಲ್ಲ ನೋಡುತ್ತಿದ್ದರು. “ಎಲ್ಲಾ ಸರಿ ಸಾಮಿ, ಬಚ್ಚಲೆಲ್ಲದೆ?” ಎಂದರು.

“ಇದೇ ಗೌಡ್ರೇ, ಬಚ್ಚಲುಮನೆ” ಎಂದು ಶವರಿನ ಸುತ್ತ ಕಟ್ಟಿದ್ದ ತಟ್ಟಿಯ ಗೋಡೆ ತೋರಿಸಿದೆ.

“ಮನೆ ಕಾಣ್ತದೆ. ಬಚ್ಚಲು ಎಲ್ಲದೆ ಅಂತ ಕೇಳ್ದೆ.”

ಆಗ ಕೆಳಗೆ ನೋಡಿದೆ. ಇನ್ನೂರು ಲೀಟರ್ ಸೋಪಿನ ನೀರು ತಟ್ಟಿಯ ಬುಡದಿಂದ ನುಸುಳಿ, ಶೆಡ್ಡಿನ ಬಾಗಿಲ ಮುಂದೆ ಹೊಂಡವಾಗಿ, ಅಲ್ಲಿಂದ ಗೌಡರ ಹುರುಳಿಯ ಪಾತಿಗೆ ದಾರಿ ಹುಡುಕುತ್ತಿತ್ತು. ನನ್ನ ಕಾಲು ಕಣಕಾಲಿನವರೆಗೂ ಕೆಸರು. ಸ್ನಾನ ಮಾಡಿದವನಿಗಿಂತ ಗೊಬ್ಬರ ಹೊತ್ತ ಗೌಡರೇ ಚೊಕ್ಕಟವಾಗಿದ್ದರು. “ಬಚ್ಚಲಿಲ್ದೆ ಬಚ್ಚಲ್ಮನೆ ಕಟ್ಟವ್ರೆ ನಮ್ ಸಾಮಿ” ಎಂದು ಅವರು ಆ ಸಂಜೆಯೊಳಗೆ ಊರಿಗೆಲ್ಲ ಹೇಳಿದರು.

ಬೆಂಗಳೂರಿಗೆ ಬರುವ ಬಸ್ಸಿನಲ್ಲಿ ಆ ಮಾತನ್ನೇ ಮೆಲುಕು ಹಾಕಿದೆ. ಅಡುಗೆ ಮಾಡುವುದು ಅಡುಗೆಮನೆ, ದೇವರಿರುವುದು ದೇವರಮನೆ. ಆ ಲೆಕ್ಕದಲ್ಲಿ ಮೀಯುವ ಜಾಗಕ್ಕೆ ಮೀಯುವುದರದೇ ಹೆಸರಿರಬೇಕಿತ್ತು. ಸ್ನಾನದ ಮನೆ ಎನ್ನುವುದುಂಟು, ಆದರೆ ಅದು ನೆಂಟರೆದುರಿನ ಮಾತು. ಮನೆಮಾತಿನಲ್ಲಿ ಅದು ಬಚ್ಚಲುಮನೆ. ಬಚ್ಚಲೆಂದರೆ ಕೊಳೆನೀರು ಹೊರಗೆ ಹರಿಯುವ ಜಾಗ. ಹೊಲಸು ಮಾತಾಡುವವನ ಬಾಯಿ ಬಚ್ಚಲುಬಾಯಿ ಆಗುವುದೂ ಅದಕ್ಕೇ. ನೀರು ಎಲ್ಲಿಂದ ಬಂತು, ಹೇಗೆ ಬಿತ್ತು ಎನ್ನುವುದನ್ನು ಬಿಟ್ಟು, ಎಲ್ಲಿಗೆ ಹೋಯಿತು ಎನ್ನುವುದರ ಮೇಲೆ ನಮ್ಮ ಹಿರಿಯರು ಆ ಮನೆಗೆ ಹೆಸರಿಟ್ಟರು. ಅರವತ್ತು ವರ್ಷ ಆ ಹೆಸರು ಹೇಳುತ್ತ ಬಂದವನಿಗೆ ಅದರ ಅರ್ಥ ಹುರುಳಿ ಪಾತಿಯ ಹತ್ತಿರ ತಿಳಿಯಿತು.

ನಾನು ಹುಟ್ಟಿದ ಚಾಮರಾಜಪೇಟೆಯ ಮನೆಯಲ್ಲಿ ಬಚ್ಚಲುಮನೆ ಹಿತ್ತಿಲಿಗೆ ಅಂಟಿಕೊಂಡಿತ್ತು. ಮೂಲೆಯಲ್ಲಿ ಒಲೆಯ ಮೇಲೆ ಹೂತ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ. ಸೌದೆ ಡಿಪೋದಿಂದ ತಂದ ಸೌದೆಯನ್ನು ಹಿತ್ತಿಲ ಕಡೆಯಿಂದ ತುರುಕಬೇಕು. ದೀಪಾವಳಿಗೆ ಮುಂಚಿನ ಸಂಜೆ ನೀರು ತುಂಬುವ ಹಬ್ಬಕ್ಕೆ ಹಂಡೆ ಹುಣಿಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಸಿಕೊಂಡು, ಕೊರಳಿಗೆ ಬಳ್ಳಿಯ ಮಾಲೆ ಹಾಕಿಕೊಂಡು ಮದುಮಗನಂತೆ ಕೂರುತ್ತಿತ್ತು. ಇದೆಲ್ಲ ಎಲ್ಲರ ನೆನಪಿನಲ್ಲೂ ಇದೆ. ನೆನಪಿನಲ್ಲಿ ಉಳಿಯದ್ದು ಕಲ್ಲುಹಾಸಿನ ವಾಟ. ಆ ವಾಟದ ಕೊನೆಗೆ ಗೋಡೆಯಲ್ಲೊಂದು ತೂತು. ತೂತಿನಾಚೆ ಬಾಳೆ, ಬಾಳೆಯ ಪಕ್ಕ ಕೆಸು. ಎಣ್ಣೆಸ್ನಾನದ ದಿನ ಸೀಗೆಪುಡಿಯ ನೀರು ಬಾಳೆಗೆ ಹೋಗುತ್ತಿತ್ತು. ಆ ಬಾಳೆಯ ಎಲೆಯಲ್ಲಿ ಹಬ್ಬದ ಊಟ. ಒಲೆಯ ಬೂದಿ ಪಾತ್ರೆ ತೊಳೆಯುವುದಕ್ಕೆ.

ಸೌದೆ ಬಿಟ್ಟರೆ ಈ ವ್ಯವಸ್ಥೆಗೆ ಹೊರಗಿನಿಂದ ಬರುತ್ತಿದ್ದದ್ದು ನಲ್ಲಿನೀರು ಒಂದೇ. 1896ರ ಹೊತ್ತಿಗೆ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಮೊದಲ ನಲ್ಲಿನೀರು ಬಂತು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯದು. ಎರಡೂ ಅರ್ಕಾವತಿಯ ನೀರು. 1974ರಲ್ಲಿ ಕಾವೇರಿ ಬಂದಳು. ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಅವಳನ್ನು ಹತ್ತಿಸಬೇಕು. ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ ಪಂಪುಗಳು ಮತ್ತೆ ಹೆಗಲು ಕೊಟ್ಟು ಎತ್ತುತ್ತವೆ. ಆ ಕೊಳವೆಗಳು ಬರುವುದು ಕನಕಪುರ ರಸ್ತೆಯಲ್ಲೇ. ಅಂದರೆ ನಾನು ಶೆಡ್ಡಿಗೆ ಹೋಗುವಾಗ ಚಾಮರಾಜಪೇಟೆಯ ನನ್ನ ಸ್ನಾನದ ನೀರು ಎದುರಿನಿಂದ ಬರುತ್ತಿರುತ್ತದೆ. ಹದಿನಾಲ್ಕು ಬಿಂದಿಗೆಯನ್ನು ಹನ್ನೊಂದಡಿ ಎತ್ತಿ ಸೊಂಟ ಹಿಡಿದುಕೊಂಡವನಿಗೆ ಆ ಅರ್ಧ ಕಿಲೋಮೀಟರಿನ ಅರ್ಥ ಬೇರೆ ಯಾರೂ ಹೇಳಬೇಕಿಲ್ಲ.

ಬಂದ ನೀರಿನ ಕಥೆಯನ್ನು ನಾವು ಫಲಕ ಹಾಕಿ, ಹೆಸರಿಟ್ಟು ನೆನೆಯುತ್ತೇವೆ. ಹೋದ ನೀರು? ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆಂದು ಹೇಳುತ್ತಾರೆ. ಹಿತ್ತಿಲ ಬಾಳೆ ಕಡಿದು ಅಲ್ಲಿ ಬಾಡಿಗೆ ಮನೆ ಎಬ್ಬಿಸಿ, ಗೋಡೆಯ ತೂತು ಮುಚ್ಚಿ, ಜಾಲರಿಯ ಕೆಳಗೆ ನೀರು ಮಾಯವಾಗುವಂತೆ ಮಾಡಿಕೊಂಡ ಮೇಲೆ ನಮ್ಮೆಲ್ಲರ ಬಚ್ಚಲು ಅವಳೇ. ಮೈಸೂರು ರಸ್ತೆಯ ಪಕ್ಕದಲ್ಲಿ ಕರ್ರಗೆ ಹರಿದು, ಕೆಂಗೇರಿ ದಾಟಿ, ಬಿಡದಿ ಕಡೆಯ ಬೈರಮಂಗಲ ಕೆರೆಯಲ್ಲಿ ನೊರೆಯಾಗಿ ಎದ್ದು, ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಮೇಕೆದಾಟು ಹತ್ತಿರದ ಸಂಗಮದಲ್ಲಿ ಕಾವೇರಿಯನ್ನು. ಅರ್ಕಾವತಿಯ ಮೇಲಿನ ನೀರು ಕುಡಿದು ಬೆಳೆದ ಊರು, ಕೆಳಗೆ ಅವಳ ಮಡಿಲಿಗೇ ಬಚ್ಚಲು ಬಿಟ್ಟಿತು. ಅಲ್ಲಿ ಯಾವ ಗೌಡರೂ ಬೇಲಿಯ ಆಚೆ ನಿಂತು “ಬಚ್ಚಲೆಲ್ಲದೆ ಸಾಮಿ?” ಎಂದು ನಮ್ಮನ್ನು ಕೇಳುವಷ್ಟು ಹತ್ತಿರದಲ್ಲಿಲ್ಲ.

ಧಾರಾಪಾತ್ರೆಯನ್ನು ನೆನೆದವನಿಗೆ ಅದರ ಕೆಳಗಿನದು ನೆನಪಾಗದೆ ಹೋದದ್ದು ನಾಚಿಕೆಯ ಸಂಗತಿ. ಲಿಂಗವನ್ನು ಕೂರಿಸುವ ಪಾಣಿಪೀಠಕ್ಕೆ ಒಂದು ಕಡೆ ಮೂತಿ ಇರುತ್ತದೆ, ಅಭಿಷೇಕದ ನೀರು ಹೊರಗೆ ಹೋಗಲು. ಆ ನೀರು ಹರಿಯುವ ಸೋಮಸೂತ್ರವನ್ನು ದಾಟಬಾರದೆಂದು ಶಿವಾಲಯದಲ್ಲಿ ಪ್ರದಕ್ಷಿಣೆಯನ್ನೇ ಅರ್ಧಕ್ಕೆ ನಿಲ್ಲಿಸಿ ಹಿಂದಿರುಗುತ್ತಾರೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಎದುರು 1997ರಲ್ಲಿ ಮಣ್ಣು ತೆಗೆದಾಗ ಕಾಣಿಸಿಕೊಂಡ ನಂದಿತೀರ್ಥವನ್ನು ನೋಡಿ: ಪಂಪಿಲ್ಲ, ಕರೆಂಟಿಲ್ಲ, ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುತ್ತದೆ. ಬಿದ್ದ ನೀರಿಗೆ ಮುಂದೆ ಕಲ್ಯಾಣಿ ಇದೆ. ದೇವರಿಗೆ ಸ್ನಾನ ಮಾಡಿಸಿದವರು ಬಚ್ಚಲನ್ನು ಮರೆಯಲಿಲ್ಲ.

ಮುಂದಿನ ಎರಡು ಶನಿವಾರ ಗೌಡರೂ ನಾನೂ ಬಚ್ಚಲು ಮಾಡಿದೆವು. ತಟ್ಟಿಯೊಳಗೆ ಒಂದೇ ದೊಡ್ಡ ಚಪ್ಪಡಿ, ಮೂರಡಿಗೆ ಒಂದಿಂಚು ವಾಟ. ಅಲ್ಲಿಂದ ಮೊಳದಗಲದ ಕಾಲುವೆ. ಕಾಲುವೆಯ ಕೊನೆಗೆ ಸೊಂಟದುದ್ದದ ಗುಂಡಿ. ತಳಕ್ಕೆ ದಪ್ಪ ಕಲ್ಲು, ಮೇಲೆ ಇಟ್ಟಿಗೆ ಚೂರು, ಒಲೆಯ ಇದ್ದಿಲು, ಮರಳು. ಸುತ್ತ ಐದು ಬಾಳೆಕಂದು, ಒಂದಷ್ಟು ಕೆಸು, ಕಾಬಾಳೆ. “ಸಾಬೂನು ಜಾಸ್ತಿ ಬುಡಬ್ಯಾಡಿ ಸಾಮಿ, ಬಾಳೆ ಮುನಿಸ್ಕತದೆ” ಎಂದರು ಗೌಡರು. ನಾನು ತೊಳೆದು ಬಿಟ್ಟದ್ದು ಹತ್ತು ಹೆಜ್ಜೆಯಾಚೆ ನನ್ನ ಬಾಳೆಯ ಬೇರಿಗೇ ಹೋಗುತ್ತದೆಂದು ತಿಳಿದ ಮೇಲೆ ಕೈ ತಾನಾಗಿ ಕಡಲೆಹಿಟ್ಟಿನ ಡಬ್ಬಿಗೆ ಹೋಯಿತು. ನೀರೂ ಕಡಿಮೆಯಾಯಿತು. ಶವರಿನ ಕೆಳಗೆ ನಿಮಿಷಕ್ಕೆ ಏಳೆಂಟು ಲೀಟರ್ ಸುರಿಯುತ್ತಿದ್ದವನು ಈಗ ಒದ್ದೆಯಾಗಲು ಒಂದು ಸಲ, ತೊಳೆಯಲು ಒಂದು ಸಲ ತಿರುಗಿಸುತ್ತೇನೆ. ಹದಿನೆಂಟು ಲೀಟರಿನ ಬಕೆಟ್ಟಿನ ಸ್ನಾನಕ್ಕೂ ನನ್ನ ಶವರಿಗೂ ಈಗ ಹೆಚ್ಚು ವ್ಯತ್ಯಾಸವಿಲ್ಲ.

ಚಳಿಗಾಲದಲ್ಲಿ ಅತ್ತೆಯನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಶವರ್ ತೋರಿಸಿದೆ, ನೋಡಲಿಲ್ಲ. ಹೆಂಚಿನ ಮೇಲಿನ ಚಕ್ಕುಲಿ ತೋರಿಸಿದೆ, ನಕ್ಕರು. ಹಂಡೆಯನ್ನು ಒಮ್ಮೆ ಸವರಿದರು. ಆಮೇಲೆ ಕೋಲೂರಿಕೊಂಡು ಕಾಲುವೆಯ ಪಕ್ಕದಲ್ಲೇ ನಡೆದು ಹೋಗಿ, ಕೆಸುವಿನ ಎಲೆಯನ್ನು ತಿರುಗಿಸಿ ನೋಡಿ, “ಪತ್ರೊಡೆಗೆ ಆಗತ್ತೆ, ನಾಲ್ಕು ಕಿತ್ತುಕೋ” ಎಂದರು.

ಊರಾಚೆ ತುಂಡು ಭೂಮಿ ಕೊಂಡು ಸೂರು ಎಬ್ಬಿಸುತ್ತಿರುವವರು ನನ್ನಂತೆ ಈಗ ಬಹಳ ಮಂದಿ ಇದ್ದೀರಿ. ನಿಮಗೊಂದು ಮಾತು. ಡ್ರಮ್ಮು, ಪೈಪು, ಶವರ್ ಯಾವಾಗ ಬೇಕಾದರೂ ತನ್ನಿ. ಮೊದಲು ಗುಂಡಿ ತೋಡಿ, ಬಾಳೆ ನೆಡಿ.