ಕಿರೀಟ ಕೈಗೆ ಬಂತು, ತಲೆಗೇರಲಿಲ್ಲ

ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ರೈಲು ಹತ್ತಿದರೆ ವಿಂಚೆಸ್ಟರ್‌ಗೆ ಸುಮಾರು ಒಂದು ಗಂಟೆಯ ಪ್ರಯಾಣ. ಈಗ ಅದು ಗದ್ದಲವಿಲ್ಲದ ಸಣ್ಣ ಊರು. ಆದರೆ 12ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಅರಸರ ಖಜಾನೆ ಇದ್ದದ್ದು ಇಲ್ಲಿ. 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಖಜಾನೆ ಎಂದರೆ ಈಗಲೂ ಕಿವಿ ನೆಟ್ಟಗಾಗುತ್ತದೆ. ಮಗನ ಮನೆಗೆ ಹೋಗಿದ್ದಾಗ ಆರನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಒಂದು ದಿನ ಅಲ್ಲಿ ಅಡ್ಡಾಡಿದೆ. ನನಗೆ ಖಜಾನೆ, ಅವಳಿಗೆ ರಾಣಿಯರು.

ಬ್ರಾಡ್‌ವೇ ಎಂಬ ಅಗಲವಾದ ಬೀದಿಯಲ್ಲಿ ಕತ್ತಿ ಎತ್ತಿ ಹಿಡಿದ ಆಲ್ಫ್ರೆಡ್ ದೊರೆಯ ಕಂಚಿನ ಪ್ರತಿಮೆ ಇದೆ. 1901ರಲ್ಲಿ ನಿಲ್ಲಿಸಿದ್ದು.

"ಇವನ ರಾಣಿ ಎಲ್ಲಿ ತಾತ?"

"ಇವನಿಗೆ ರಾಣಿ ಇರಲಿಲ್ಲ, ಪುಟ್ಟಿ. ಹೆಂಡತಿ ಇದ್ದಳು."

ಅವಳು ನನ್ನ ಮುಖ ನೋಡಿದಳು. ತಮಾಷೆಯಲ್ಲ, ನಿಜ. ಆಲ್ಫ್ರೆಡ್ ಆಳಿದ ವೆಸೆಕ್ಸ್ ರಾಜ್ಯದಲ್ಲಿ ದೊರೆಯ ಹೆಂಡತಿಯನ್ನು ರಾಣಿ ಎನ್ನುತ್ತಿರಲಿಲ್ಲ. ದೊರೆಯ ಪಕ್ಕ ಸಿಂಹಾಸನದಲ್ಲಿ ಕೂರಿಸುತ್ತಲೂ ಇರಲಿಲ್ಲ. ಕಾರಣವನ್ನು ಆಲ್ಫ್ರೆಡ್‌ನೇ ಹೇಳಿದನೆಂದು ಅವನ ಚರಿತ್ರೆ ಬರೆದ ಅಸ್ಸರ್ ಎಂಬ ಪಾದ್ರಿ ದಾಖಲಿಸಿದ್ದಾನೆ. ಹಿಂದೆ ಈಡ್‌ಬರ್ ಎಂಬ ರಾಣಿ ತನಗಾಗದ ಒಬ್ಬ ಯುವಕನಿಗೆ ವಿಷವಿಟ್ಟಳಂತೆ. ಅದನ್ನು ಗಂಡನೂ ಕುಡಿದು ಸತ್ತ. ಇದು 802ರ ಮಾತು. ಆಕೆ ಸಮುದ್ರ ದಾಟಿ ಷಾರ್ಲ್‌ಮೇನ್ ಚಕ್ರವರ್ತಿಯ ಆಸ್ಥಾನಕ್ಕೆ ಓಡಿದಳು. "ನಾನು ಬೇಕೋ, ನನ್ನ ಮಗ ಬೇಕೋ?" ಎಂದು ಅವನು ಕೇಳಿದ. "ಮಗ. ಅವನಿಗೆ ವಯಸ್ಸು ಚಿಕ್ಕದು" ಎಂದಳು. ಚಕ್ರವರ್ತಿ ನಕ್ಕು ಇಬ್ಬರನ್ನೂ ಕೊಡಲಿಲ್ಲ, ಒಂದು ಸನ್ಯಾಸಿನಿ ಮಠಕ್ಕೆ ಕಳಿಸಿದ. ಅಲ್ಲಿಂದಲೂ ಹೊರಬಿದ್ದು, ಕೊನೆಗೆ ಇಟಲಿಯ ಪಾವಿಯಾ ನಗರದಲ್ಲಿ ಭಿಕ್ಷೆ ಬೇಡುತ್ತಾ ಸತ್ತಳಂತೆ.

ಒಬ್ಬಳು ಮಾಡಿದ್ದಕ್ಕೆ ಮುಂದೆ ಬಂದವರಿಗೆಲ್ಲ ಶಿಕ್ಷೆ! ಇದೇ ಅಸ್ಸರ್ ಆಲ್ಫ್ರೆಡ್‌ನ ಮದುವೆಯ ಬಗ್ಗೆ ಬರೆಯುವಾಗ ಹುಡುಗಿಯ ಅಪ್ಪನ ಹೆಸರು, ಅಮ್ಮನ ಹೆಸರು ಎರಡನ್ನೂ ಹೇಳಿ, ಹುಡುಗಿಯ ಹೆಸರನ್ನು ಮಾತ್ರ ಬಿಟ್ಟಿದ್ದಾನೆ. ಅವಳ ಹೆಸರು ಈಲ್‌ಸ್ವಿತ್. ಅವಳು ಕಟ್ಟಿಸಲು ತೊಡಗಿದ ಸನ್ಯಾಸಿನಿ ಮಠದ ಅವಶೇಷಗಳು ಗಂಡನ ಪ್ರತಿಮೆಯಿಂದ ಕೂಗಳತೆ ದೂರದಲ್ಲಿವೆ. ಅಲ್ಲಿ ನಿಂತು ಫೋಟೋ ತೆಗೆಸಿಕೊಂಡವರು ನಾವಿಬ್ಬರೇ.

'ಕ್ವೀನ್' ಎಂಬ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಹೆಂಗಸು, ಹೆಂಡತಿ ಎಂಬ ಅರ್ಥವೂ ಇತ್ತು. 'ಲೇಡಿ' ಎಂದರೆ ಮೂಲದಲ್ಲಿ ರೊಟ್ಟಿಯ ಹಿಟ್ಟು ನಾದುವವಳು! ಅದೇ ಮುಂದೆ ಮನೆಯೊಡತಿ, ಬಳಿಕ ನಾಡಿನ ಒಡತಿ ಎಂದಾಯಿತು. ದೊರೆಯ ಮಗಳಿಗೂ ಆ ಕಾಲದಲ್ಲಿ 'ಪ್ರಿನ್ಸೆಸ್' ಎನ್ನುವ ರೂಢಿ ಇರಲಿಲ್ಲ, ಲೇಡಿ ಎಂದೇ ಕರೆಯುತ್ತಿದ್ದರು. ಇದನ್ನು ಕೇಳಿ ಮೊಮ್ಮಗಳಿಗೆ ಸ್ವಲ್ಪ ಬೇಜಾರಾಯಿತು.

ಅಲ್ಲಿಂದ ಕೆಥೆಡ್ರಲ್‌ಗೆ ನಡೆದೆವು. ಬಹಳ ಉದ್ದವಾದ ಚರ್ಚು ಅದು. ನನ್ನ ಮಂಡಿ ಎರಡು ಸಲ ಕೂರಲು ಹೇಳಿತು. ಗರ್ಭಗುಡಿಯಂಥ ಜಾಗದ ಎರಡೂ ಬದಿಯ ಗೋಡೆಗಳ ಮೇಲೆ ಬಣ್ಣದ ಆರು ಪೆಟ್ಟಿಗೆಗಳು. ಒಳಗಿರುವುದು ಹಳೆಯ ಅರಸರ ಮೂಳೆಗಳು. 1642ರಲ್ಲಿ ಅಂತರ್ಯುದ್ಧದ ಸೈನಿಕರು ನುಗ್ಗಿ, ಮೂಳೆಗಳನ್ನು ಚೆಲ್ಲಾಡಿ, ಕಿಟಕಿ ಗಾಜಿಗೆ ಬೀರಿದ್ದರಂತೆ. ಇತ್ತೀಚೆಗೆ ವಿಜ್ಞಾನಿಗಳು ವಿಂಗಡಿಸಿ ನೋಡಿ, ಕನಿಷ್ಠ 23 ಜನರ ಮೂಳೆಗಳಿವೆ ಎಂದು 2019ರಲ್ಲಿ ತಿಳಿಸಿದರು. ಅವರಲ್ಲೊಬ್ಬಳು ಪ್ರೌಢ ವಯಸ್ಸಿನ ಹೆಂಗಸು, ಬಹುಶಃ ಎಮ್ಮಾ.

ಎಮ್ಮಾ 1002ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಸೊಸೆಯಾಗಿ ಬಂದವಳು. ಬಂದೊಡನೆ ಹೆಸರೇ ಬದಲಾಗಿ 'ಎಲ್ಫ್‌ಗಿಫು' ಎಂದಾಯಿತು. (ಅಜ್ಜಿಯಂದಿರಿಗೆ ಇದು ಹೊಸತೇನಲ್ಲ.) ಆ ಹೊತ್ತಿಗೆ ಈಡ್‌ಬರ್‌ಳ ಶಾಪ ಕಳೆದು, ದೊರೆಯ ಹೆಂಡತಿಗೆ ರಾಣಿ ಪಟ್ಟ ಸಿಗುತ್ತಿತ್ತು. ಎಮ್ಮಾ ಇಬ್ಬರು ದೊರೆಗಳ ರಾಣಿ, ಇಬ್ಬರು ದೊರೆಗಳ ತಾಯಿ. ಆದರೂ 1043ರಲ್ಲಿ ಸ್ವಂತ ಮಗ ಎಡ್ವರ್ಡ್ ಇದೇ ವಿಂಚೆಸ್ಟರ್‌ಗೆ ಬಂದು ಅವಳ ಭಂಡಾರವನ್ನೆಲ್ಲ ಕಿತ್ತುಕೊಂಡ. ಪಟ್ಟ ಗಂಡನಿಂದ ಬಂದದ್ದು. ಗಂಡ ಹೋದ ಮೇಲೆ ಮಗನ ಮರ್ಜಿ.

ಹಾಗಾದರೆ ಅಪ್ಪನಿಂದಲೇ ರಾಜ್ಯ ಬಂದ ಮಗಳ ಗತಿ? ಆ ಪ್ರಶ್ನೆ ಎದ್ದದ್ದು ಮಟಿಲ್ಡಾಳಿಂದ. ದೊರೆ ಒಂದನೇ ಹೆನ್ರಿಯ ಮಗ 1120ರಲ್ಲಿ ಹಡಗು ಮುಳುಗಿ ಸತ್ತ. ಉಳಿದವಳು ಮಗಳು. ಜರ್ಮನಿಯ ಚಕ್ರವರ್ತಿಯ ವಿಧವೆ. ನನ್ನ ನಂತರ ಇವಳೇ ಎಂದು ಹೆನ್ರಿ ಸರದಾರರಿಂದ ಪ್ರಮಾಣ ಮಾಡಿಸಿದ. 1135ರಲ್ಲಿ ಅವನು ಸತ್ತಾಗ ಅವಳು ಎರಡನೇ ಗಂಡನ ನಾಡಿನಲ್ಲಿ, ಗರ್ಭಿಣಿ. ಹೆನ್ರಿಯ ತಂಗಿಯ ಮಗ... ಅಲ್ಲ, ಮಕ್ಕಳೇ, ಇಂಗ್ಲಿಷಿನವರು ಅದನ್ನು ಸೋದರಳಿಯ ಎಂದಷ್ಟೇ ಹೇಳಿ ಮುಗಿಸುತ್ತಾರೆ, ಆತ ಹೆನ್ರಿಯ ಸೋದರಿಯ ಮಗ ಸ್ಟೀಫನ್. ಅವನು ಸರಸರನೆ ಸಮುದ್ರ ದಾಟಿ, ಮೊದಲು ಲಂಡನ್‌ಗೆ ಹೋಗಿ, ಅಲ್ಲಿಂದ ವಿಂಚೆಸ್ಟರ್‌ಗೆ ಬಂದ. ಇಲ್ಲಿನ ಬಿಷಪ್ ಅವನ ತಮ್ಮನೇ. ಖಜಾನೆ ಕೈಗೆ ಬಂತು, ಡಿಸೆಂಬರ್ 22ಕ್ಕೆ ಪಟ್ಟಾಭಿಷೇಕವೂ ಆಯಿತು. ಪ್ರಮಾಣಗಳು ಗಾಳಿಗೆ.

ಮಟಿಲ್ಡಾ ಯುದ್ಧಕ್ಕಿಳಿದಳು. 1141ರ ಫೆಬ್ರವರಿಯಲ್ಲಿ ಸ್ಟೀಫನ್ ಸೆರೆಸಿಕ್ಕ. ಮಾರ್ಚ್ 3ರಂದು ಇದೇ ಕೆಥೆಡ್ರಲ್‌ನಲ್ಲಿ ಅವಳಿಗೆ ಮೆರವಣಿಗೆಯ ಸ್ವಾಗತ. ಕಿರೀಟವನ್ನೂ ಖಜಾನೆಯನ್ನೂ ಒಪ್ಪಿಸಿದರು. ಖಜಾನೆಯಲ್ಲಿ ಉಳಿದಿದ್ದು ಅತ್ಯಲ್ಪ! ಈಗ ಅವಳನ್ನು ಏನೆಂದು ಕರೆಯುವುದು? ರಾಣಿ ಎಂದರೆ ದೊರೆಯ ಹೆಂಡತಿ. ಇವಳ ಗಂಡ ದೊರೆಯಲ್ಲ. ಪಟ್ಟಾಭಿಷೇಕವೂ ಆಗಿಲ್ಲ. ಕೊನೆಗೆ ಸಿಕ್ಕ ಬಿರುದು 'ಇಂಗ್ಲಿಷರ ಒಡತಿ'. ಅವಳ ಶಾಸನಗಳಲ್ಲಿ ಚಕ್ರವರ್ತಿನಿ, ಹೆನ್ರಿ ದೊರೆಯ ಮಗಳು, ಇಂಗ್ಲಿಷರ ಒಡತಿ ಎಂದಿರುತ್ತದೆ. ಮೊಹರು ಮಾತ್ರ ಜರ್ಮನಿಯದೇ, ರೋಮನ್ನರ ರಾಣಿ ಎಂದು. ಸಹಿ ತಾಳೆ ನೋಡುವುದರಲ್ಲೇ ಕಣ್ಣು ಸವೆಸಿದ ನನಗೆ ಇದು ಬಹಳ ಹಿಡಿಸಿತು. ಊರು ಬದಲಾದರೂ ಗಂಡ ಬದಲಾದರೂ ಆಕೆ ಮಾದರಿ ಸಹಿ ಬದಲಿಸಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಟ್ಟಾಭಿಷೇಕಕ್ಕೆ ಲಂಡನ್‌ಗೆ ಹೋದಳು. ಹಣ ಕೇಳಿದಳು, ಗಟ್ಟಿಯಾಗಿ ಮಾತಾಡಿದಳು, ಸೊಕ್ಕಿನವಳು ಎಂದರು. ಅವಳ ಅಪ್ಪ ಅದಕ್ಕಿಂತ ಗಟ್ಟಿಯಾಗಿ ಮಾತಾಡಿದವನೇ. ಜೂನ್ 24ರಂದು ಊಟದ ಹೊತ್ತಿಗೆ ಊರಿನ ಗಂಟೆಗಳು ಮೊಳಗಿ ಜನ ದಂಗೆಯೆದ್ದರು. ಅವಳು ಕುದುರೆಯೇರಿ ಪಾರಾದಳು. ಸ್ಟೀಫನ್‌ನ ಹೆಂಡತಿಯ ಹೆಸರೂ ಮಟಿಲ್ಡಾ. ಅವಳೂ ಸೈನ್ಯ ಕೂಡಿಸಿ ಹೋರಾಡಿ ಗಂಡನನ್ನು ಬಿಡಿಸಿಕೊಂಡಳು. ಅವಳನ್ನು ಯಾರೂ ಸೊಕ್ಕಿನವಳು ಎನ್ನಲಿಲ್ಲ. ಗಂಡನಿಗಾಗಿ ಮಾಡಿದಳಲ್ಲ!

1142ರ ಚಳಿಗಾಲದಲ್ಲಿ ಆಕ್ಸ್‌ಫರ್ಡ್ ಕೋಟೆಯಲ್ಲಿ ಶತ್ರುಗಳು ಮುತ್ತಿದಾಗ ನಮ್ಮ ಮಟಿಲ್ಡಾ ಬಿಳಿ ಬಟ್ಟೆ ಹೊದ್ದು ಹಿಮದಲ್ಲಿ ನಡೆದೇ ತಪ್ಪಿಸಿಕೊಂಡಳಂತೆ. ಕಿರೀಟ 1154ರಲ್ಲಿ ಅವಳ ಮಗ ಎರಡನೇ ಹೆನ್ರಿಗೆ ಸಿಕ್ಕಿತು. ಅವಳ ಸಮಾಧಿಯ ಬರಹ ಅವಳನ್ನು ಪರಿಚಯಿಸುವುದು ಹೆನ್ರಿಯ ಮಗಳು, ಹೆನ್ರಿಯ ಹೆಂಡತಿ, ಹೆನ್ರಿಯ ತಾಯಿ ಎಂದು. ನಮ್ಮ ಖಾತೆ ಅರ್ಜಿಯ 'ತಂದೆ ಅಥವಾ ಗಂಡನ ಹೆಸರು' ಕಾಲಂ ನೆನಪಾಯಿತು.

ಇದೇ ಕೆಥೆಡ್ರಲ್‌ನಲ್ಲಿ 1554ರ ಜುಲೈನಲ್ಲಿ ಒಂದನೇ ಮೇರಿಯ ಮದುವೆ ನಡೆಯಿತು. ತನ್ನ ಹಕ್ಕಿನಿಂದಲೇ ಕಿರೀಟ ತೊಟ್ಟ ಇಂಗ್ಲೆಂಡಿನ ಮೊದಲ ರಾಣಿ ಆಕೆ. ಆಳುವವರು ಗಂಡಾಗಲಿ ಹೆಣ್ಣಾಗಲಿ ಅಧಿಕಾರ ಒಂದೇ ಎಂದು ಅದೇ ವರ್ಷ ಪಾರ್ಲಿಮೆಂಟ್ ಕಾಯ್ದೆ ಮಾಡಿತ್ತು. ಅವಳು ಪಟ್ಟಕ್ಕೆ ಬಂದದ್ದು 1553ರಲ್ಲಿ. ಮಟಿಲ್ಡಾ ಕಿರೀಟ ಹಿಡಿದು ಎಷ್ಟು ವರ್ಷವಾಗಿತ್ತು, ಲೆಕ್ಕ ಹಾಕು ಎಂದೆ. ಮೊಮ್ಮಗಳು ಬೆಂಚಿನ ಮೇಲೆ ಬೆರಳಿನಿಂದ ಬರೆದು ಕಳೆದಳು. 412.